ಕುಡಿಯದವರ ಗುಂಪು

ಹಲ್ಲಿನ ಸೆಟ್ ಮಾಡುವವರ ಬಾಯಲ್ಲಿ ಒಂದೂ ಸ್ವಂತ ಹಲ್ಲಿರಲಿಲ್ಲ. ಮಗಳು ಅಪ್ಪನ ಬಾಯಿಗೆ ಮೇಲಿನ ಸಾಲನ್ನು ಹೇಗೋ ಕೂರಿಸಿದಳು. ಕೆಳಗಿನದು ಜಾರಿ ಜಾರಿ ಗಲ್ಲದ ಮೇಲೆ ಬೀಳುತ್ತಿತ್ತು. ಮೂರನೆಯ ಸಲ ಅವಳ ಬೆರಳಿನಿಂದಲೇ ಉದುರಿ, ನೆಲಕ್ಕೆ ಬಿದ್ದು, ಮಂಚದ ಕೆಳಗೆ ಹೋಯಿತು.

"ಕೊಡು ಇಲ್ಲಿ," ಎಂದರು ತಾಯಿ.

ಅವರು ಸೆಟ್ಟನ್ನು ತೊಳೆದು ತಂದು, ಗಂಡನ ದವಡೆಯನ್ನು ಹೆಬ್ಬೆರಳಿನಿಂದ ಕೊಂಚ ಕೆಳಗೆ ಒತ್ತಿ, ಒಂದೇ ಸಲಕ್ಕೆ ಕೂರಿಸಿದರು. ಸತ್ತವರ ಮುಖಕ್ಕೆ ಮತ್ತೆ ಆಕಾರ ಬಂತು. ಆಸ್ಪತ್ರೆಯಲ್ಲಿ ಕಳೆದ ನಾಲ್ಕು ದಿನಗಳ ಬಿಳಿ ಗಡ್ಡ ಮಾತ್ರ ಹಾಗೇ ಇತ್ತು.

"ಶೇವ್ ನಾನೇ ಮಾಡ್ತೀನಿ," ಎಂದಳು ಮಗಳು. ಅವಳಿಗೆ ಸಲೂನಿನಲ್ಲಿ ಕೆಲಸ. "ಸ್ವಲ್ಪ ಹೊತ್ತು ಬಿಟ್ಟು. ಈಗ ಕೈ ನಿಲ್ತಾ ಇಲ್ಲ. ನಿದ್ದೆ ಇಲ್ಲ ನೋಡು, ಅದಕ್ಕೆ."

ಆ ಕೈಗೂ ನಿದ್ದೆಗೂ ಸಂಬಂಧವಿಲ್ಲವೆಂದು ತಾಯಿಗೆ ಗೊತ್ತಿತ್ತು. ಎಂಟು ತಿಂಗಳಿಂದ ಮಗಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ಹೋದ ತಿಂಗಳು ಒಬ್ಬರ ಕಿವಿ ಗೀರಿದ್ದಕ್ಕೆ ಸಲೂನಿನ ಯಜಮಾನಿ ಅವಳ ಕೈಯಿಂದ ಕತ್ತರಿ ತೆಗೆದುಕೊಂಡು ತಲೆ ತೊಳೆಯುವ ಕೆಲಸಕ್ಕೆ ಹಾಕಿದ್ದಳು. ಅವಳಿಗೆ ನಲವತ್ತೊಂದು. ಅವಳ ಅಪ್ಪನಿಗೆ ನಡುಕ ಶುರುವಾದದ್ದೂ ಆ ವಯಸ್ಸಿಗೇ, ಅದೇ ಬಲಗೈಯಲ್ಲಿ.

ಶವ ಒಯ್ಯುವ ವಾಹನ ಮೂರು ಗಂಟೆಗೆ ಬರುವುದಿತ್ತು. ಹನ್ನೊಂದರ ಹೊತ್ತಿಗೆ ಹೊರಕೋಣೆಯಲ್ಲಿ ಹದಿನೈದು ಜನ ಸೇರಿದ್ದರು. ಬಾಡಿಗೆಗೆ ತಂದ ಕುರ್ಚಿಗಳು ಸಾಲದೆ ಕೆಲವರು ಕಿಟಕಿಯ ಕಟ್ಟೆಗೆ ಒರಗಿ ನಿಂತಿದ್ದರು. ಮೇಲಿನ ಮನೆಯ ಮುದುಕಿ ದೇಹದ ಪಕ್ಕದಲ್ಲೇ ಕೂತು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹನ್ನೆರಡು ವರ್ಷ ಆಯ್ತು ಕಣಮ್ಮ, ಒಂದು ದಿನ ಒಸಡು ಒತ್ತಿಲ್ಲ, ಹುಣ್ಣಾಗಿಲ್ಲ. ಇವರು ಮಾಡಿಕೊಟ್ಟ ಹಲ್ಲಲ್ಲೇ ಇವರನ್ನ ಎಷ್ಟು ಸಲ ಆಡಿಕೊಂಡಿದ್ದೀನೋ."

"ಅವರಿಗೂ ಗೊತ್ತಿತ್ತು ಬಿಡಿ," ಎಂದರು ಸತ್ತವರ ಹೆಂಡತಿ. "ಸೆಟ್ ಸರಿಯಾಗಿ ಕೂತಿದೆ, ಚೆನ್ನಾಗಿ ಮಾತಾಡ್ತಾಳೆ ಅಂತಿದ್ರು."

ಮುದುಕಿ ಅಳುತ್ತಲೇ ನಕ್ಕಳು.

ಹೆಂಡತಿಯ ತಮ್ಮ ಗೋಡೆಯ ಮುಂದೆ ನಿಂತಿದ್ದ. ಬೆಳಿಗ್ಗೆಯೇ ಒಂದಿಷ್ಟು ಹಾಕಿಕೊಂಡು ಬಂದಿದ್ದನೆಂದು ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಾಗುತ್ತಿತ್ತು. ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಚಿತ್ರ, ಆಸ್ಪತ್ರೆಯವರು ಅಧ್ಯಯನಕ್ಕೆಂದು ವರ್ಷಕ್ಕೊಮ್ಮೆ ತೆಗೆಯುತ್ತಿದ್ದ ಭಾವನ ಮೆದುಳಿನ ಸ್ಕ್ಯಾನು. ಕಪ್ಪು ಹಿನ್ನೆಲೆಯಲ್ಲಿ ಬೂದು ಬಣ್ಣದ, ಸುಲಿದ ಅಕ್ರೋಟಿನಂಥ ಆಕಾರ.

"ಒಳಗೆ ಮೆದುಳಿದೆ ಅನ್ನೋದಕ್ಕೆ ಪುರಾವೆ ಇರೋನು ಈ ಬೀದಿಯಲ್ಲಿ ನಾನೊಬ್ಬನೇ ಅಂತಿದ್ರು ಭಾವ," ಎಂದ ಅವನು ಪಕ್ಕದವರಿಗೆ. "ಒಂದು ತೊಟ್ಟು ಮುಟ್ಟಿದವರಲ್ಲ. ನನ್ನ ಹೆಂಡತಿ ಇವರ ಹೆಸರು ಹೇಳಿ ಹೇಳಿ ನನ್ನ ಜೀವ ಹಿಂಡಿಬಿಟ್ಟಳು. ಅವರನ್ನ ಆಸ್ಪತ್ರೆಯವರು ಕರೆದು ತಲೆಯ ಫೋಟೋ ತೆಗೀತಾರೆ, ನಿಮ್ಮನ್ನ ಪೊಲೀಸರು ಕರೆದು ತೆಗೀತಾರೆ ಅಂತ."

ಅವನ ಅಕ್ಕ ನೆಲ ನೋಡಿದರು.

*

ಮೂವತ್ತಮೂರು ವರ್ಷದ ಹಿಂದೆ ಅವರ ಗಂಡ ಕೆಲಸದಿಂದ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಬಲಗೈಯನ್ನು ಮುಂದೆ ಚಾಚಿ ತೋರಿಸಿದ್ದರು. ಕೈ ಸಣ್ಣಗೆ ನಡುಗುತ್ತಿತ್ತು.

ಅವರ ಕೆಲಸ ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಚಿಕ್ಕ ಕೋಣೆಯಲ್ಲಿ. ಅಳತೆಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದ ಒಸಡು ಕಟ್ಟಿ, ಅದರಲ್ಲಿ ಹಲ್ಲುಗಳನ್ನು ಒಂದೊಂದಾಗಿ ನೆಡಬೇಕು. ಬಿಸಿ ಚಾಕುವಿನಿಂದ ಪ್ರತಿ ಹಲ್ಲಿನ ಸುತ್ತ ಮೇಣ ಕೊರೆಯಬೇಕು. ಕೂದಲೆಳೆಯಷ್ಟು ತಪ್ಪಿದರೂ ಹಾಕಿಕೊಂಡವರ ಬಾಯಿ ಹುಣ್ಣಾಗುತ್ತದೆ. ಆ ತಿಂಗಳು ನಾಲ್ಕು ಸೆಟ್ ವಾಪಸು ಬಂದಿದ್ದವು.

ಮುಂದಿನ ವಾರ ಕ್ಲಿನಿಕ್ಕಿನಲ್ಲಿ ಯಾರೋ ಕೆಲಸ ಬಿಟ್ಟು ಹೋಗುವವರು ಊಟ ಕೊಟ್ಟರು. ಎಲ್ಲರ ಬಲವಂತಕ್ಕೆ ಅವರು ಅರ್ಧ ಗ್ಲಾಸು ಮದ್ಯ ಕುಡಿದು ಮತ್ತೆ ಕೆಲಸಕ್ಕೆ ಕೂತರು. ಕೈ ನಿಂತಿತ್ತು. ಮನೆಗೆ ಬಂದು ಅದನ್ನು ಹೆಂಡತಿಗೆ ಹೇಳಿದಾಗ ಮುಖದಲ್ಲಿ ನಾಚಿಕೆಯೂ ಇತ್ತು, ಗೆದ್ದ ಖುಷಿಯೂ ಇತ್ತು.

ಅಂದಿನಿಂದ ಅಳೆದು ಕೊಡುವ ಕೆಲಸ ಹೆಂಡತಿಯದಾಯಿತು. ಕೆಮ್ಮಿನ ಔಷಧಿಯ ಬಾಟಲಿಯ ಮುಚ್ಚಳದಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನಕ್ಕೆಂದು ಸಣ್ಣ ಶೀಶೆಯಲ್ಲಿ ಇನ್ನೊಂದು. "ಕೈಗೆ ಹಾಕಿದ್ಯಾ?" ಎಂದು ಗಂಡ ಕೇಳುತ್ತಿದ್ದರು. ಕುಡಿಯುವುದು ಎಂಬ ಮಾತು ಆ ಮನೆಯಲ್ಲಿ ಹೆಂಡತಿಯ ತಮ್ಮನಿಗೆ ಮಾತ್ರ ಮೀಸಲು. ಕ್ಲಿನಿಕ್ಕಿನವರ ಮೈಗೆಲ್ಲ ಲವಂಗದ ಎಣ್ಣೆಯ ವಾಸನೆ ಇರುತ್ತದಾದ್ದರಿಂದ ಬೇರೆ ವಾಸನೆ ಯಾರಿಗೂ ತಿಳಿಯಲಿಲ್ಲ. ಐದಾರು ವರ್ಷಕ್ಕೆ ಒಂದು ಮುಚ್ಚಳ ಎರಡಾಯಿತು. ಆಮೇಲೆ ಮೂರು. ಬೆಳಿಗ್ಗೆ ಎದ್ದಾಗಿನ ನಡುಕ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಯಿತು. ವಯಸ್ಸಾಯ್ತಲ್ಲ ಎಂದುಕೊಂಡರು, ಇಬ್ಬರೂ.

*

ಎರಡು ಗಂಟೆಗೆ ಆಸ್ಪತ್ರೆಯಲ್ಲಿ ಅವರ ಸ್ಕ್ಯಾನ್ ತೆಗೆಯುವಾಕೆ ಬಂದಳು. ಐವತ್ತರ ಹತ್ತಿರದ ಹೆಂಗಸು. ಕೊರಳಲ್ಲಿ ಆಸ್ಪತ್ರೆಯ ಗುರುತಿನ ಚೀಟಿ ಇನ್ನೂ ಹಾಗೇ ನೇತಾಡುತ್ತಿತ್ತು. ದೇಹದ ಮುಂದೆ ಸ್ವಲ್ಪ ಹೊತ್ತು ನಿಂತು, ಒಳಕೋಣೆಗೆ ಬಂದು ಹೆಂಡತಿಯ ಕೈ ಹಿಡಿದುಕೊಂಡಳು.

"ಪ್ರತಿ ವರ್ಷ ಬಂದಾಗಲೂ ಮೊದಲು ನನ್ನ ಹಲ್ಲು ನೋಡೋರು. ಎಡಗಡೆ ಒಂದು ಹೋಗುತ್ತೆ, ಹೋದ ತಕ್ಷಣ ನನ್ನ ಹತ್ರ ಬಾ ಅನ್ನೋರು. ಹೋಯ್ತು. ಬರೋಣ ಅಂತಿದ್ದೆ."

"ಕೂತ್ಕೊಳ್ಳಿ. ಟೀ ಕುಡೀರಿ."

"ಒಂದು ಸಹಿ ಬೇಕಿತ್ತಮ್ಮ. ಇವತ್ತೇ ಆಗಬೇಕು ಅಂತೇನಿಲ್ಲ." ಅವಳು ಚೀಲದಿಂದ ಕಡತ ತೆಗೆದಳು. "ಮುಂದಿನ ವಾರ ಎಲ್ಲರ ಚಿತ್ರಗಳನ್ನೂ ಒಟ್ಟಿಗೆ ಇಟ್ಟು ನೋಡೋಕೆ ಶುರು ಮಾಡ್ತಾರೆ. ವಯಸ್ಸಾದಂಗೆ ಮೆದುಳು ಎಲ್ಲರಿಗೂ ಸ್ವಲ್ಪ ಕುಗ್ಗುತ್ತೆ. ವಯಸ್ಸಿಂದ ಎಷ್ಟು, ಕುಡಿತದಿಂದ ಎಷ್ಟು, ಕಾಯಿಲೆಯಿಂದ ಎಷ್ಟು ಅಂತ ಬಿಡಿಸಿ ನೋಡಬೇಕು. ಅದಕ್ಕೆ ಜೀವಮಾನದಲ್ಲಿ ಕುಡಿಯದೇ ಇರೋರು ಬೇಕು. ಆ ಗುಂಪಿನಲ್ಲಿ ಎಪ್ಪತ್ತು ದಾಟಿದವರು ಹನ್ನೊಂದೇ ಜನ. ಇವರು ಅದರಲ್ಲೊಬ್ಬರು. ಒಂದು ವರ್ಷಾನೂ ತಪ್ಪಿಸದೆ ಬಂದೋರು ಇವರೊಬ್ಬರೇ."

ಅವಳು ತೆರೆದ ಹಾಳೆಯಲ್ಲಿ ಹದಿನಾಲ್ಕು ಸಾಲುಗಳಿದ್ದವು. ಪ್ರತಿ ಸಾಲಿನಲ್ಲೂ ತಾರೀಕು, ಅದರ ಮುಂದೆ ಒಂದೇ ಪ್ರಶ್ನೆಗೆ ಒಂದೇ ಉತ್ತರ. ಮದ್ಯಪಾನ: ಇಲ್ಲ. ಇಲ್ಲ. ಇಲ್ಲ. ಕೆಳಗೆ ಸಂಬಂಧಿಕರು ಸಹಿ ಮಾಡುವ ಜಾಗ. ಈ ವಿವರಗಳು ನನಗೆ ತಿಳಿದಮಟ್ಟಿಗೆ ಸರಿ ಎಂದು ಮೇಲೆ ಅಚ್ಚಾಗಿತ್ತು.

ಹೆಂಡತಿ ಪೆನ್ನು ತೆಗೆದುಕೊಂಡರು. ಸಹಿ ಹಾಕಿದರೆ ಅಲ್ಲಿಗೆ ಮುಗಿಯುತ್ತಿತ್ತು. ಗೋಡೆಯ ಚಿತ್ರ ಗೋಡೆಯ ಮೇಲೇ ಇರುತ್ತಿತ್ತು. ಹೊರಗಿನ ಹದಿನೈದು ಜನ ಹೇಳುತ್ತಿದ್ದುದು ಹಾಗೇ ಉಳಿಯುತ್ತಿತ್ತು. ತಮ್ಮ ಕೈಯೇ ಮೂವತ್ತಮೂರು ವರ್ಷ ಮುಚ್ಚಳ ತುಂಬಿತ್ತೆಂಬ ಮಾತನ್ನು ಕೇಳುವವರು ಇನ್ನು ಯಾರೂ ಇರಲಿಲ್ಲ.

"ಕನ್ನಡಕ ಅಲ್ಲೆಲ್ಲೋ ಇಟ್ಟೆ, ತರ್ತೀನಿ," ಎಂದು ಎದ್ದರು.

*

ಹೊರಕೋಣೆಯಲ್ಲಿ ಜನ ಸ್ವಲ್ಪ ಹಿಂದೆ ಸರಿದಿದ್ದರು. ಮಗಳು ಸ್ಟೂಲಿನ ಮೇಲೆ ಕೂತು ತಂದೆಯ ಗಡ್ಡ ಬೋಳಿಸುತ್ತಿದ್ದಳು. ಸಲೂನಿನ ಉದ್ದ ರೇಜರು. ಎಡಗೈ ಬೆರಳಿನಿಂದ ಚರ್ಮ ಎಳೆದು ಹಿಡಿದು, ಕಿವಿಯ ಕೆಳಗಿನಿಂದ ದವಡೆಯವರೆಗೆ ಒಂದೇ ಎಳೆತ. ನೊರೆ ಹಾದಿಯಂತೆ ಬಿಟ್ಟುಕೊಂಡಿತು. ಗಂಟಲಿನ ಗುಬುಟಿನ ಸುತ್ತ ರೇಜರು ತಿರುಗಿ ಬಂತು. ಕೈ ಒಂದಿಷ್ಟೂ ಅಲುಗಲಿಲ್ಲ.

"ಕೈ ಅಂದ್ರೆ ಕೈ," ಎಂದಳು ಮುದುಕಿ. "ಅಪ್ಪನದೇ."

ಮಗಳು ರೇಜರು ಒರೆಸಿ ತಾಯಿಯತ್ತ ತಿರುಗಿದಳು. ಕಣ್ಣು ಕೆಂಪಾಗಿತ್ತು. ಮುಖದಲ್ಲಿ ಮಾತ್ರ ತಿಂಗಳುಗಳಿಂದ ಕಾಣದ ಗೆಲುವು.

"ನೋಡಮ್ಮ, ನಿಂತಿತು. ಮಾವ ಒಂಚೂರು ಕೊಟ್ರು. ಔಷಧಿ ಅಂದ್ಕೊಂಡು ನುಂಗು ಅಂದ್ರು."

"ಎಷ್ಟು?"

"ಚೂರೇ. ಒಂದು ಗುಟುಕು."

"ನನ್ನ ಬೈಬೇಡ ಅಕ್ಕ," ಎಂದ ತಮ್ಮ ಬಾಗಿಲ ಹತ್ತಿರದಿಂದ. "ಮಗು ಅಪ್ಪನಿಗೆ ಶೇವ್ ಮಾಡೋಕಾಗದೆ ಒದ್ದಾಡ್ತಿತ್ತು. ನನ್ನಿಂದ ಒಂದು ಉಪಕಾರ ಆಯ್ತು ಅಂದ್ಕೋ."

ಅಕ್ಕ ಬೈಯಲಿಲ್ಲ. ಅರ್ಧ ಗ್ಲಾಸು ಕುಡಿದು ಮನೆಗೆ ಬಂದ ದಿನ ಗಂಡನ ಮುಖದ ಮೇಲೆ ಅವರು ನೋಡಿದ್ದೂ ಇದೇ ಗೆಲುವು.

"ಕೈ ತೊಳ್ಕೊಂಡು ಒಳಗೆ ಬಾ," ಎಂದರು ಮಗಳಿಗೆ. "ಈಗಲೇ."

*

ತಾಯಿ ಒಳಕೋಣೆಯ ಬಾಗಿಲು ಮುಂದಕ್ಕೆ ಮಾಡಿ, ಕೂರದೆ, ನಿಂತೇ ಹೇಳಿದರು. ಯಾವ ವರ್ಷದಿಂದ, ದಿನಕ್ಕೆ ಎಷ್ಟು ಸಲ, ಯಾವಾಗ ಒಂದು ಎರಡಾಯಿತು, ಎರಡು ಮೂರಾಯಿತು, ಈಗ ಮಗಳ ಕೈಗೂ ಅದೇ ಬಂದದ್ದು. ಸ್ಕ್ಯಾನ್ ತೆಗೆಯುವಾಕೆ ನಡುವೆ ಬಾಯಿ ಹಾಕಲಿಲ್ಲ. ಮಗಳು ಕಬ್ಬಿಣದ ಬೀರುವಿಗೆ ಒರಗಿ ನಿಂತಿದ್ದಳು.

"ಸ್ಕ್ಯಾನಿಗೆ ಬರ್ತಿದ್ದ ದಿನಾನೂ?" ಎಂದು ಕೊನೆಗೆ ಕೇಳಿದಳು ಆಕೆ.

"ಆ ದಿನ ಒಂದು ಹೆಚ್ಚು. ಅಲ್ಲಾಡಿದ್ರೆ ಚಿತ್ರ ಕೆಡುತ್ತೆ ಅಂತ ನೀವು ಹೇಳಿದ್ರಂತೆ. ನಿಮ್ಮ ಚಿತ್ರ ಚೆನ್ನಾಗಿ ಬರಲಿ ಅಂತ."

ಆಕೆ ಕಣ್ಣು ಮುಚ್ಚಿ ತೆರೆದಳು. "ಇದು ಕೆಲಸ ಮಾಡುವಾಗ ಬರೋ ನಡುಕ ಅಮ್ಮ. ಸುಮ್ಮನೆ ಮಲಗಿದ್ರೆ ಬರ್ತಾನೇ ಇರಲಿಲ್ಲ. ಏನೂ ಬೇಕಿರಲಿಲ್ಲ."

ಹೊರಗೆ ಕುರ್ಚಿ ಎಳೆದ ಸದ್ದಾಯಿತು.

"ಪ್ರಶ್ನೆ ಕೇಳಿದಾಗ ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ ಅವರು," ಎಂದರು ತಾಯಿ. "ಕುಡೀತೀರಾ ಅಂತ ಕೇಳಿದ್ರಿ. ಅವರು ಯಾವತ್ತೂ ಕುಡಿದಿಲ್ಲ ಅಂತಲೇ ಅಂದ್ಕೊಂಡಿದ್ರು. ನಾನೂ."

"ಬೇರೆ ಗುಂಪಿಗೆ ಹಾಕ್ತಿದ್ವಿ ಅಷ್ಟೇ. ಯಾರೂ ಏನೂ ಅನ್ತಿರಲಿಲ್ಲ. ಕೈಗೆ ಮಾತ್ರೆಯಾದ್ರೂ ಬರೆದುಕೊಡಿಸ್ತಿದ್ದೆ. ಅದಕ್ಕೆ ಮಾತ್ರೆ ಇದೆ. ಇದು ಮನೆತನದಲ್ಲಿ ಬರೋ ನಡುಕ." ಆಕೆ ಮಗಳ ಕಡೆ ನೋಡಿದಳು. ಮಗಳು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಒಂದು ಗುಟುಕಿಗೆ ಒಂದೆರಡು ಗಂಟೆ ನಿಲ್ಲುತ್ತೆ. ಆಮೇಲೆ ಮೊದಲಿಗಿಂತ ಜಾಸ್ತಿ ಬರುತ್ತೆ. ಅದಕ್ಕೆ ಮತ್ತೊಂದು ಗುಟುಕು. ಸೋಮವಾರ ಬಾ, ನರದ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

"ಇವತ್ತು ಒಂದೇ ಸಲ ಕುಡಿದಿದ್ದು," ಎಂದಳು ಮಗಳು.

"ಅವರೂ ಒಂದೇ ಸಲ ಅಂತಲೇ ಶುರು ಮಾಡಿದ್ದು," ಎಂದರು ತಾಯಿ. ಮತ್ತೆ ಆಕೆಯತ್ತ ತಿರುಗಿದರು. "ಒಂದು ಕೇಳ್ತೀನಿ, ಇದ್ದಂಗೆ ಹೇಳಿ. ಅವರ ತಲೆಗೆ ಏನಾದ್ರೂ ಆಗಿತ್ತಾ ಇದರಿಂದ?"

"ಆ ಗುಂಪಿನ ಉಳಿದವರಿಗಿಂತ ಇವರದು ಸ್ವಲ್ಪ ಹೆಚ್ಚು ಕುಗ್ಗಿತ್ತು. ಯಾಕೆ ಅಂತ ನಮ್ಮವರು ತಲೆ ಕೆಡಿಸಿಕೊಂಡಿದ್ರು. ಆದರೆ ಒಬ್ಬರನ್ನ ನೋಡಿ ಇದರಿಂದಲೇ ಅಂತ ಹೇಳೋಕೆ ಆಗಲ್ಲ. ನಾನು ಹೇಳಿದ್ರೂ ನೀವು ನಂಬಬೇಡಿ."

ತಾಯಿ ತಲೆಯಾಡಿಸಿದರು. "ಹಾಗಾದ್ರೆ ಕುಡಿಯೋರ ಗುಂಪಿಗೆ ಹಾಕಿ. ಅಳತೆ ನನಗೆ ಬಾಯಿಪಾಠ ಇದೆ, ವರ್ಷ ವರ್ಷದ್ದೂ ಹೇಳ್ತೀನಿ."

"ಆಗಲ್ಲಮ್ಮ. ಆಯಾ ವರ್ಷ ಅವರ ಬಾಯಿಂದಲೇ ಬಂದಿರಬೇಕು. ಆಮೇಲೆ ಬೇರೆಯವರು ಹೇಳಿದ್ದು ತಗೊಳ್ಳಲ್ಲ. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ." ಆಕೆ ಕಡತವನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ನೀವು ಹೇಳದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಇವಳಿಗೂ ಗೊತ್ತಾಗ್ತಿರಲಿಲ್ಲ," ಎಂದರು ತಾಯಿ.

ಆಕೆ ಗುರುತಿನ ಚೀಟಿಯ ಅಂಚನ್ನೇ ಅಳತೆಪಟ್ಟಿಯಾಗಿ ಇಟ್ಟುಕೊಂಡು ಮೊದಲ ಸಾಲಿನ ಮೇಲೆ ಗೆರೆ ಎಳೆದಳು. ಆಮೇಲೆ ಎರಡನೆಯದರ ಮೇಲೆ. ಅವಸರ ಮಾಡಲಿಲ್ಲ. ಮಗಳು ಬೀರು ಬಿಟ್ಟು ಬಂದು ತಾಯಿಯ ಪಕ್ಕ ನಿಂತು, ಆ ಪೆನ್ನು ಹಾಳೆಯ ಕೊನೆಯ ಸಾಲಿಗೆ ಬರುವವರೆಗೂ ನೋಡಿದಳು. ವಾಹನ ಬಂತೆಂದು ಮಾವ ಹೊರಗಿನಿಂದ ಕೂಗಿ ಹೇಳಿದ.

ಎಪ್ಪತ್ತು ದಾಟಿದ ಕುಡಿಯದವರು ಇನ್ನು ಹತ್ತು ಜನ. ಹೋದದ್ದು ಹದಿನಾಲ್ಕು ಸ್ಕ್ಯಾನು. ಒಂದೊಂದಕ್ಕೆ ನಲವತ್ತು ನಿಮಿಷ. ಹಲ್ಲಿನ ಸೆಟ್ ಮಾಡುತ್ತಿದ್ದವರು ಆ ಯಂತ್ರದೊಳಗೆ ಅಲುಗಾಡದೆ ಮಲಗಿದ್ದದ್ದು ಒಟ್ಟು ಒಂಬತ್ತು ಗಂಟೆ ಇಪ್ಪತ್ತು ನಿಮಿಷ.