ಹಳೇ ಕಾರ್ಡಿನ ಕರೆ

ಲಕ್ವ ಹೊಡೆದು ನನ್ನ ಬಾಯಿ ಬಿದ್ದುಹೋಗಿ ವರ್ಷದ ಮೇಲಾಯಿತು. ಸಿಟ್ಟು ಮಾತ್ರ ಇದ್ದಲ್ಲೇ ಇದೆ. ಶಾಲೆಯಲ್ಲಿ ಆಟದ ಟೀಚರಾಗಿದ್ದವಳು ನಾನು. ಒಂದು ಸಲ ಗದರಿದರೆ ಮೈದಾನದ ಆ ತುದಿಯಲ್ಲಿ ಓಡುತ್ತಿದ್ದವರು ಎತ್ತಿದ ಕಾಲು ಇಳಿಸದೆ ನಿಲ್ಲುತ್ತಿದ್ದರು. ಈಗ ಎಡಗೈಯ ತೋರುಬೆರಳು ಮತ್ತು ಎರಡು ಕಣ್ಣು, ಇಷ್ಟೇ ನನ್ನ ಆಸ್ತಿ. ಒಂದು ಸಲ ಕಣ್ಣು ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ. ಬೇರೆ ಮಾತು ನನ್ನ ಹತ್ತಿರ ಇಲ್ಲ.

ಆ ಬೆರಳಿನ ಕೆಳಗೆ ಒಂದು ಗುಂಡಿ ತಂದಿಟ್ಟವನು ನನ್ನ ತಮ್ಮ. ಅದರ ತಂತಿ ಗೋಡೆಯಂಚಿನಲ್ಲಿ ಹರಿದು, ನಡುಮನೆ ದಾಟಿ, ಅವನ ಕೋಣೆಯ ಕಂಪ್ಯೂಟರಿನಲ್ಲಿರುವ ಒಂದು ಹಳೇ ಕಾರ್ಡಿಗೆ ಸೇರುತ್ತದೆ. ನಾನು ಒತ್ತಿದರೆ ಅಲ್ಲಿ ಗಂಟೆ ಮೊಳಗಬೇಕು, ಅವನು ಎದ್ದು ಬರಬೇಕು. ಮನೆಯಲ್ಲಿ ಇರುವುದು ನಾವಿಬ್ಬರೇ. ಬೆಳಿಗ್ಗೆ ನರ್ಸಮ್ಮ ಬಂದು ಸ್ನಾನ ಮಾಡಿಸಿ ಹೋದರೆ ಮುಗಿಯಿತು, ಮಿಕ್ಕ ಹೊತ್ತಿಗೆಲ್ಲ ಆ ಗುಂಡಿಯೇ ಗತಿ.

ಅವನು ಕಂಪ್ಯೂಟರ್ ಬೋರ್ಡ್ ಮಾಡುವ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾನೆ. ಬೋರ್ಡಿಗೆ ಸಿಕ್ಕಿಸಿದ ಕಾರ್ಡುಗಳು ಕರೆದಾಗ ಓಗೊಡುವ, ಡ್ರೈವರ್ ಎಂಬ ಪ್ರೋಗ್ರಾಂ ಬರೆಯುವುದು ಅವನ ಕಸುಬು. ಸಂಜೆ ಚಹಾ ಹಿಡಿದು ನನ್ನ ಪಕ್ಕ ಕೂತು ಅದನ್ನೇ ಕೊರೆಯುತ್ತಾನೆ. ಮಧ್ಯದಲ್ಲಿ ಎದ್ದು ಹೋಗಲಾರದವರು ಅವನಿಗೆ ಇನ್ನೆಲ್ಲಿ ಸಿಗಬೇಕು? ಹಾಗೆ ಕೇಳಿ ಕೇಳಿ ನನಗೂ ಒಂದಿಷ್ಟು ಗೊತ್ತಾಗಿದೆ. ಹೊಸ ಕಾರ್ಡುಗಳು ತಮಗೇನು ಬೇಕೋ ನೇರವಾಗಿ ಬರೆದು ತಿಳಿಸುತ್ತವೆ. ಹಳೆಯವಕ್ಕೆ ಆ ಸೌಕರ್ಯವಿಲ್ಲ, ಅವೆಲ್ಲಕ್ಕೂ ಸೇರಿ ಒಂದೇ ತಂತಿ. ತಂತಿ ಮಿಡಿದರೆ ಯಾರು ಕರೆದರೆಂದು ತಿಳಿಯುವುದಿಲ್ಲ. ಡ್ರೈವರ್ ಸಾಲಾಗಿ ಒಂದೊಂದನ್ನೇ "ನೀನಾ ಕರೆದದ್ದು?" ಎಂದು ವಿಚಾರಿಸುತ್ತಾ ಹೋಗಬೇಕು.

"ಆಫೀಸಲ್ಲಿ ಹಳೇದೆಲ್ಲ ಬಿಟ್ಟಾಕು ಅಂದ್ರು ಕಣಕ್ಕಾ," ಎಂದಿದ್ದ ಒಂದು ಸಂಜೆ. "ಆಗಲ್ಲ, ನಮ್ಮಕ್ಕನ ಕಾರ್ಡು ಹಳೇದು ಅಂದ್ಬಿಟ್ಟೆ."

ನನಗೆ ಕಣ್ಣು ತುಂಬಿ ಬಂತು. ಧೂಳು ಬಿದ್ದಿರಬೇಕೆಂದು ಒದ್ದೆ ಬಟ್ಟೆ ತಂದು ಒರೆಸಿದ, ಪೆದ್ದ.

ಹಾಗೆ ಬರೆದ ಡ್ರೈವರನ್ನೂ ಕಂಪನಿಯ ಹೊಸ ಬೋರ್ಡನ್ನೂ ಮನೆಯ ಕಂಪ್ಯೂಟರಿಗೇ ಹಾಕಿದ. ಅಲ್ಲಿಂದಾಚೆಗೆ ನಾನು ಕರೆದಾಗಲೆಲ್ಲ ಅವನು ಬರುವುದು ನಿಂತಿತು.

ಪೂರ್ತಿ ನಿಂತಿತೆಂದರೆ ಸುಳ್ಳಾಗುತ್ತದೆ. ಮನೆ ನಿಶ್ಶಬ್ದವಾಗಿದ್ದಾಗ ಒತ್ತಿದರೆ ಕುರ್ಚಿ ಸರಿಯುತ್ತಿತ್ತು, ಚಪ್ಪಲಿ ಸದ್ದು ಮಾಡುತ್ತಿತ್ತು, ಅವನು ಬರುತ್ತಿದ್ದ. ಆದರೆ ಆಫೀಸಿನವರ ಮುಖಗಳನ್ನು ಪರದೆಯ ಮೇಲೆ ಹರಡಿಕೊಂಡು ಮಾತಾಡುವಾಗ ಎಷ್ಟು ಒತ್ತಿದರೂ ಅಷ್ಟೇ. ಅವನು ನಗುವುದು ಮಾತ್ರ ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ನನಗೆ ಹೀಗಾದ ಮೇಲೆ ಅವನ ನಗುವೇ ಅಪರೂಪ. ಅದರ ಮಧ್ಯೆ ಎದ್ದು ಬರಲು ಮನಸ್ಸಿಲ್ಲ ಎಂದುಕೊಂಡೆ.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಒತ್ತಿದೆ, ಒತ್ತಿದೆ, ಬೆರಳು ಮರಗಟ್ಟುವವರೆಗೂ ಒತ್ತಿದೆ. ಆ ಕಡೆ ಯಾರದೋ ಜೋಕಿಗೆ ಬಿದ್ದು ಬಿದ್ದು ನಗುತ್ತಿದ್ದ. ಕೊನೆಗೆ ಹಾಸಿಗೆ ಒದ್ದೆಯಾಯಿತು. ಬಿಸಿ ಆರಿ ತಣ್ಣಗಾಗಿ ಮೈ ನವೆ ಶುರುವಾದ ಮೇಲೆ ಬಂದ. ಮುಖ ಆ ಕಡೆ ತಿರುಗಿಸಿಕೊಂಡು ಬಟ್ಟೆ ಬದಲಿಸಿದ, ಹಾಸು ಎಳೆದ. "ಯಾಕಕ್ಕಾ, ಕರೀಬಾರ್ದಿತ್ತಾ?" ಎಂದ.

ಎಲಾ ಇವನ! ಯಾಕೆ ಎಂಬುದಕ್ಕೆ ಕಣ್ಣಿನಲ್ಲಿ ಉತ್ತರ ಹೇಳುವುದು ಹೇಗೆ? ಏನೂ ಗೊತ್ತಿಲ್ಲದವನ ಹಾಗೆ ನಾಟಕ ಆಡುತ್ತಾನಲ್ಲ ಎಂದು ಮೈಯೆಲ್ಲ ಉರಿಯಿತು. ಅವತ್ತೇ ಗುಂಡಿಯ ಮೇಲಿಂದ ಬೆರಳು ತೆಗೆದೆ.

"ಅಕ್ಕ ಈಗ ಆರಾಮಾಗಿದಾಳೆ. ಕರೆಯೋದೇ ಇಲ್ಲ," ಎಂದು ನರ್ಸಮ್ಮನಿಗೆ ಹೇಳುತ್ತಿದ್ದ. ಬಾಯಾರಿದರೆ ಉಗುಳು ನುಂಗಿದೆ. ನೊಣ ಮೂಗಿನ ಮೇಲೆ ಕೂತರೆ ಅದಕ್ಕೆ ಬೇಜಾರಾಗುವವರೆಗೆ ಕಾದೆ. ಒಂದೇ ಸೂರಿನಡಿ ತಮ್ಮ ಓಡಾಡುವ ಸದ್ದು ಕೇಳುತ್ತಿದ್ದರೂ ನನಗೆ ಯಾರೂ ಇಲ್ಲ ಅನ್ನಿಸುತ್ತಿತ್ತು. ಇವನಿಗೂ ನಾನು ಭಾರವಾದೆ ಎಂಬುದೊಂದೇ ಯೋಚನೆ.

ಹೀಗಿರುವಾಗ ಮೊನ್ನೆ ಚಹಾ ಹಿಡಿದು ಬಂದವನು ತಲೆ ಚಚ್ಚಿಕೊಂಡ.

"ಎಂಥಾ ಎಡವಟ್ಟು ಮಾಡಿದೀನಿ ಗೊತ್ತಾ ಅಕ್ಕಾ? ಹಳೇ ಕಾರ್ಡುಗಳ ಸಾಲಲ್ಲಿ ಮೊದಲನೇದು ಇಂಟರ್ನೆಟ್ ತರೋ ನೆಟ್‌ವರ್ಕ್ ಕಾರ್ಡು. ಅದು ನಾನೇ ಕರೆದಿದ್ದು ಅಂದ ತಕ್ಷಣ ಅದರ ಕೆಲಸ ಮುಗಿಸಿ, ಕರೆನೇ ಅಳಿಸಿ ಹಾಕ್ತಿದ್ದೆ. ಹಿಂದಿರೋರ್ನ ಕೇಳ್ತಾನೇ ಇರ್ಲಿಲ್ಲ. ವಿಡಿಯೋ ಮೀಟಿಂಗಲ್ಲಿದ್ರೆ ನೆಟ್‌ವರ್ಕು ಬಿಡುವಿಲ್ದೆ ಕೂಗುತ್ತೆ ನೋಡು, ಆಗ ಹಿಂದಿರೋ ಕಾರ್ಡು ಎಷ್ಟು ಬಡ್ಕೊಂಡ್ರೂ ಗೊತ್ತೇ ಆಗ್ತಿರ್ಲಿಲ್ಲ. ಸದ್ಯ, ಆಫೀಸಲ್ಲಿ ಟೆಸ್ಟ್ ಮಾಡೋರ ಕೈಗೇ ಸಿಕ್ತು. ಯಾರಿಗೂ ತೊಂದ್ರೆ ಆಗಿಲ್ಲ."

ಅವನ ಕೋಣೆಯಲ್ಲಿ ಗಂಟೆ ಮೊಳಗಿಯೇ ಇರಲಿಲ್ಲ! ಇಷ್ಟು ದಿನ ಒಳಗೊಳಗೇ ಇವನನ್ನು ಬೈದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ನನ್ನ ತಮ್ಮ ನನ್ನನ್ನು ಬಿಟ್ಟಿಲ್ಲ. ಅಳಬೇಕೋ ನಗಬೇಕೋ ತಿಳಿಯದೆ ಅವನನ್ನೇ ದಿಟ್ಟಿಸಿದೆ.

"ನೀರು ಬೇಕಾ? ಫ್ಯಾನ್ ಜೋರು ಮಾಡ್ಲಾ?" ಎಂದ. ಇಲ್ಲ, ಇಲ್ಲ ಎಂದು ಕಣ್ಣು ಮುಚ್ಚಿ ತೆರೆದು ಸಾಕಾಯಿತು.

ಮರುದಿನ ತಿದ್ದಿ ಮುಗಿಸಿದ. "ನಾನು ಮೀಟಿಂಗ್ ಶುರು ಮಾಡ್ತೀನಿ. ಮಾತು ಕೇಳಿಸಿದ ಮೇಲೆ ಒತ್ತು, ನೋಡೋಣ," ಎಂದು ಹೇಳಿ ಹೋದ. ಮಾತು ಶುರುವಾಯಿತು. ಒತ್ತಿದೆ. ಕುರ್ಚಿ ಬಿದ್ದ ಸದ್ದು, ಓಡಿದ ಸದ್ದು.

"ಬಂತು ಅಕ್ಕಾ, ಬಂತು!"

ಹಾಗೆನ್ನುತ್ತಲೇ ಅವನ ಮುಖದ ಬಣ್ಣ ಇಳಿಯಿತು. ಗುಂಡಿಯನ್ನು ನೋಡಿದ, ಹಾಸಿಗೆಯನ್ನು ನೋಡಿದ. ಇಷ್ಟು ದಿನ ಮನೆಯಲ್ಲಿದ್ದದ್ದೂ ಅದೇ ಎಡವಟ್ಟು ಡ್ರೈವರ್ ಎಂಬುದು ಆ ಮಹಾಶಯನಿಗೆ ಆಗ ಹೊಳೆಯಿತು. ಮಂಚದ ಪಕ್ಕ ಕುಕ್ಕರಿಸಿದ.

"ಅಕ್ಕಾ... ಅವತ್ತು ಹಾಸಿಗೆ ಒದ್ದೆಯಾಯ್ತಲ್ಲ... ನೀನು ಕರೆದಿದ್ಯಾ?"

ಇಷ್ಟು ದಿನ ಅವನ ಬಾಯಿಂದ ಬರಲೆಂದು ಕಾದಿದ್ದ ಪ್ರಶ್ನೆ. ಒಂದು ಸಲ ಕಣ್ಣು ಮುಚ್ಚಿದರೆ ನನ್ನ ಎದೆ ಹಗುರಾಗುತ್ತಿತ್ತು. ಆದರೆ ಎದುರಿಗಿದ್ದ ಮುಖ ನೋಡಿದೆ. ಹೌದು ಎಂದರೆ ಇವನು ಇನ್ನೆಂದೂ ಆ ಕೋಣೆಯಲ್ಲಿ ಕೂತು ಬಾಯಿ ತುಂಬ ನಗಲಾರ.

ಎರಡು ಸಲ ಕಣ್ಣು ಮುಚ್ಚಿದೆ.

"ನಿಜವಾಗ್ಲೂ?"

ಒಂದು ಸಲ ಮುಚ್ಚಿದೆ.

ನನ್ನ ಕೈ ಹಿಡಿದು ಅದುಮಿದ. ಆಮೇಲೆ ನಿಟ್ಟುಸಿರು ಬಿಟ್ಟು, ಮೂಗು ಒರೆಸಿಕೊಂಡು ಎದ್ದು ಹೋದ. ಆ ಕಡೆಯಿಂದ ಯಾರೋ ಏನೋ ಅಂದರು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ ಅವನು ನಕ್ಕ.

ನನಗೆ ಬಾಯಾರಿತ್ತು. ಬೆರಳು ಗುಂಡಿಯ ಮೇಲೇ ಇತ್ತು. ಅವನ ನಗು ಮುಗಿಯಲಿ ಎಂದು ಕಾದೆ.