ಅಪ್ಪನ ಕಿವಿ ಮಷೀನು

"ಇದು ಕೆಟ್ಟಿದೆ, ನೋಡು" ಎಂದು ಅಪ್ಪ ತಮ್ಮ ಕಿವಿ ಮಷೀನನ್ನು ಅಂಗಡಿಯಲ್ಲಿ ಮಗಳ ಮುಂದಿಟ್ಟರು. ಮುಖದಲ್ಲಿ ಥೇಟ್ ಗಿರಾಕಿಯ ಗತ್ತು. ರೇಡಿಯೊ, ಆಂಪ್ಲಿಫೈಯರ್ ರಿಪೇರಿಯ ಆ ಪುಟ್ಟ ಅಂಗಡಿಯನ್ನು ಕಟ್ಟಿದ್ದೇ ಅವರು. ಬೀದಿಯವರಿಗೆಲ್ಲ ಅವರು 'ಅರ್ಧದ ಮೇಷ್ಟ್ರು'. ಕೆಟ್ಟ ರೇಡಿಯೊಗೆ ಸಿಕ್ಕಸಿಕ್ಕಲ್ಲಿ ಕೈ ಹಾಕಬಾರದು, ನಟ್ಟನಡುವೆ ಪರೀಕ್ಷಿಸಿ, ಸರಿಯಿರುವ ಅರ್ಧವನ್ನು ಬಿಟ್ಟು, ಉಳಿದದ್ದನ್ನು ಮತ್ತೆ ಅರ್ಧ ಮಾಡಬೇಕು ಎಂಬುದು ಅವರ ಪಾಠ. ಕೀಲಿಕೈ ಕಳೆದರೂ ಮೊದಲು ಮನೆಯನ್ನು ಅರ್ಧ ಮಾಡಿಯೇ ಹುಡುಕುವ ಮಹಾನುಭಾವರು!

ಸ್ಪೀಕರಿನ ಗೊರಗೊರ ಕೇಳಿಯೇ ದೋಷದ ಜಾಡು ಹಿಡಿಯುತ್ತಿದ್ದವರು ಈಚೆಗೆ ಅಂಗಡಿಗೆ ಬರುವುದನ್ನೇ ಬಿಟ್ಟಿದ್ದರು. "ಮಷೀನ್ ಸರಿಹೋದ್ರೆ ಬರ್ತೀನಿ. ಇಲ್ದಿದ್ರೆ ನಾನ್ಯಾಕೆ ಅಲ್ಲಿ, ಧೂಳು ಒರೆಸೋಕಾ?" ಅಪ್ಪನಿಲ್ಲದ ಮೇಜಿನ ಮುಂದೆ ಮಗಳಿಗೆ ಕೈಯೇ ಓಡುತ್ತಿರಲಿಲ್ಲ.

"ಬಿದ್ದಿತ್ತಾ? ನೀರು ತಾಗಿತ್ತಾ?" ಗಟ್ಟಿಯಾಗಿ ಕೇಳಿದಳು. ಬಿಚ್ಚುವ ಮೊದಲು ವಿಚಾರಿಸಬೇಕು ಎಂದು ಕಲಿಸಿದವರೂ ಅವರೇ.

"ಏನಿಲ್ಲ. ತಾನಾಗೇ ಕೆಟ್ಟಿದೆ."

ಶೆಲ್ ಅಳೆದಳು, ಸರಿಯಿತ್ತು. ಕೊಳವೆಯಲ್ಲಿ ಕಸವಿರಲಿಲ್ಲ. ನಡುವೆ ಪರೀಕ್ಷಿಸಿದಳು. ಮೈಕಿನ ಅರ್ಧ ಚೆನ್ನಾಗಿತ್ತು, ಸ್ಪೀಕರಿನ ಅರ್ಧವೂ ಚೆನ್ನಾಗಿತ್ತು. ಕೊನೆಗೆ ತನ್ನ ಕಿವಿಗೇ ಇಟ್ಟುಕೊಂಡಳು. ಪಕ್ಕದ ದರ್ಜಿಯ ಕತ್ತರಿ, ಬೀದಿಯ ಸೈಕಲ್ ಚೈನು, ಅಪ್ಪನ ಉಸಿರು ಎಲ್ಲವೂ ಒಟ್ಟಿಗೇ ಕಿವಿಗೆ ಬಡಿದವು. ಮಷೀನು ಕೆಟ್ಟೇ ಇರಲಿಲ್ಲ.

ಬೆಸುಗೆ ಬಿಟ್ಟಿತ್ತು, ಹಾಕಿದೆ ಅಂದುಬಿಡಲೇ? ಅಂದರೆ ಅಪ್ಪ ಭೂತಗನ್ನಡಿ ಹಿಡಿದು, ಹೊಸ ಬೆಸುಗೆ ಎಲ್ಲಿದೆ ತೋರಿಸು ಎನ್ನುತ್ತಾರೆ. ಈ ಮನುಷ್ಯನಿಗೆ ಸಮಾಧಾನಕ್ಕೊಂದು ಸುಳ್ಳು ಹೇಳುವ ಹಾಗೂ ಇಲ್ಲವಲ್ಲ ಎಂದು ಸಿಟ್ಟೂ ಬಂತು, ಅಳುವೂ ಬಂತು.

ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದರು. "ನಿಂಗೆ ಕೇಳಿಸ್ತಾ?"

ತಲೆಯಾಡಿಸಿದಳು.

"ಎರಡು ಅರ್ಧಾನೂ ನೋಡ್ದ್ಯಾ?"

ಮತ್ತೆ ತಲೆಯಾಡಿಸಿದಳು.

"ಹಂಗಾದ್ರೆ ಮಷೀನಲ್ಲ, ನನ್ ಕಿವೀನೇ ಇನ್ನಷ್ಟು ಹೋಗಿದೆ. ಸರಿಯಾಗೇ ಹುಡುಕಿದ್ದೀಯ ಬಿಡು" ಎಂದು ಎದ್ದರು.

ಅವಳು ಅಂಗಿಯ ತೋಳು ಹಿಡಿದು ನಿಲ್ಲಿಸಿದಳು. ಮಷೀನನ್ನು ಅವರ ಕಿವಿಗೆ ಮರಳಿ ಇಟ್ಟು, ಗಿರಾಕಿಯೊಬ್ಬರ ಆಂಪ್ಲಿಫೈಯರ್ ಹಾಕಿದಳು. "ಇದ್ರಲ್ಲಿ ಸಣ್ಣಗೆ ಏನೋ ಸದ್ದು ಬರ್ತಿದೆ, ಅಪ್ಪಾ!"

"ನಂಗೆಲ್ಲಿ ಕೇಳುತ್ತೆ? ಎಂಥಾ ಸದ್ದು?"

ಅವರ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು, ಆದಷ್ಟು ದಪ್ಪ ದನಿಯಲ್ಲಿ ಅದೇ ಸದ್ದನ್ನು ಗುನುಗಿದಳು. ಅಪ್ಪ ಕಣ್ಣು ಮುಚ್ಚಿಕೊಂಡರು.

"ವಾಲ್ಯೂಮ್ ಇಳಿಸಿದ್ರೆ?"

"ಇಳಿಸಿದ್ರೂ ಹಂಗೇ ಇದೆ."

"ಕರೆಂಟ್ ಬರೋ ಕಡೆ ಇದೆ ತೊಂದ್ರೆ. ಆ ದೊಡ್ಡ ಕೆಪಾಸಿಟರ್ ಮೊದ್ಲು ನೋಡು" ಎಂದ ಅಪ್ಪ ಸ್ಟೂಲ್ ಎಳೆದುಕೊಂಡು ಕೂತರು. ಕೈ ಇನ್ನೂ ಅವಳ ಗಂಟಲ ಮೇಲೇ ಇತ್ತು.

"ಇನ್ನೇನು ಕೇಳಿಸ್ತಿದೆ, ಹೇಳು."