ಮೆತ್ತೆಯ ಮೇಲಿನ ಎರಡು ಉಂಗುರ

ಆಫ್ರಾ ಮೆತ್ತೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಮೇಲೆ ಎರಡು ಉಂಗುರಗಳಿದ್ದವು. ಇರಬೇಕಾದದ್ದು ಒಂದೇ.

ಉಣ್ಣೆಯನ್ನು ದುಂಡಗೆ ಕತ್ತರಿಸಿ, ಎತ್ತಿನ ಕರುಳಿನ ತೆಳು ಪೊರೆ ಹೊದಿಸಿ, ಬೆನ್ನಿಗೆ ಹೊಲಿಗೆ ಹಾಕಿ ಅವಳು ಮಾಡುವ ಈ ಮೆತ್ತೆಗಳು ಕೊಳಲಿನ ಬೆಳ್ಳಿ ಮುಚ್ಚಳಗಳ ಒಳಗೆ ಕೂರುತ್ತವೆ. ಮುಚ್ಚಳ ಒತ್ತಿದಾಗ ರಂಧ್ರದ ಅಂಚು ಪೊರೆಯ ಮೇಲೆ ಒಂದು ಉಂಗುರ ಮೂಡಿಸುತ್ತದೆ. ಮುಚ್ಚಳ ಬಿಚ್ಚಿ ಮತ್ತೆ ಕೂರಿಸಿದರೆ, ಎಷ್ಟು ಜೋಪಾನ ಮಾಡಿದರೂ, ಕೂದಲೆಳೆಯಷ್ಟು ಪಕ್ಕದಲ್ಲಿ ಇನ್ನೊಂದು ಬೀಳುತ್ತದೆ. ಗಾಳಿ ಸೋರುತ್ತಿದೆ ಎಂದು ಗಂಡ ಕೊರ್ಬಿನಿಯನ್ ಆ ಬೆಳಿಗ್ಗೆ ಈ ಮೆತ್ತೆಯನ್ನು ಅವಳ ಕೈಗೆ ಕೊಟ್ಟಿದ್ದ. ಕೂರಿಸಿದ ಮೇಲೆ ತಾನು ಮುಚ್ಚಳ ಬಿಚ್ಚಿದ್ದು ಇದೇ ಮೊದಲು ಎಂದೂ ಹೇಳಿದ್ದ.

ಹಾಗಾದರೆ ಬಿಚ್ಚಿದವರು ಯಾರು?

ಆ ಕೊಳಲನ್ನು ಮನೆಯ ಹೊರಗಿನ ಯಾರೂ ನೋಡಿರಲಿಲ್ಲ. ಹಳೆಯ ಕೊಳಲುಗಳಲ್ಲಿ ಬೆರಳು ಎಟುಕಿದ ಕಡೆ ರಂಧ್ರ. ಕೊರ್ಬಿನಿಯನ್ ಲೆಕ್ಕ ಹಾಕಿ, ಸ್ವರ ಕೇಳಿದ ಕಡೆ ದೊಡ್ಡ ದೊಡ್ಡ ರಂಧ್ರ ಕೊರೆದು, ಬೆರಳು ಎಟುಕದ ಕಡೆಗೆಲ್ಲ ಸರಳು ಎಳೆದು ಮುಚ್ಚಳ ಕೂರಿಸಿದ್ದ. ಮುಂದಿನ ವಾರದ ಶನಿವಾರ ಅರಮನೆ ವಾದ್ಯಮೇಳದ ಹಿರಿಯ ಕೊಳಲುಗಾರರು ಅದನ್ನು ಊದಿ ನೋಡಲು ಬರುವವರಿದ್ದರು. ನದಿಯಾಚೆಯ ಔ ಬಡಾವಣೆಯಲ್ಲಿ ಕಾಜೆಟನ್ ಷ್ಟಿಂಗ್ಲ್ ಕೂಡ ಇಂಥದೇ ಕೊಳಲು ಮಾಡುತ್ತಿದ್ದಾನೆಂದು ಮ್ಯೂನಿಕ್ ಪೇಟೆಯೆಲ್ಲ ಸುದ್ದಿ. ಮುಚ್ಚಳ ಬಿಚ್ಚಿ ಕಾಗದ ಸುತ್ತಿ ಒತ್ತಿದರೆ ಸಾಕು, ರಂಧ್ರಗಳ ಅಳತೆಯೆಲ್ಲ ಕಾಗದಕ್ಕೆ ಇಳಿಯುತ್ತದೆ.

ಕೆಲಸದ ಕೋಣೆಗೆ ಹೋಗಿಬರುವವರು ಇಬ್ಬರೇ. ಒಬ್ಬ ಅವಳ ಗಂಡ. ಇನ್ನೊಬ್ಬ ಕ್ವಿರಿನ್, ಏಳು ವರ್ಷದಿಂದ ಅವಳ ಮನೆಯಲ್ಲೇ ಉಂಡು ಮಲಗುತ್ತಿದ್ದ ಕೆಲಸಗಾರ. ಅವನ ಅಂಗಿಯ ತೋಳುಗಳಿಗೆ ತೇಪೆ ಹಾಕಿದವಳು ಅವಳೇ. ಗಂಡನಿಗೆ ಏನೂ ಹೇಳಲಿಲ್ಲ. ಅನುಮಾನ ಸುಳ್ಳಾದರೂ ಒಮ್ಮೆ ಬಾಯಿಬಿಟ್ಟರೆ ಕ್ವಿರಿನ್‌ನ ಬದುಕು ಮುಗಿದಂತೆ. ಯಜಮಾನನ ಗುಟ್ಟು ಮಾರಿದವನೆಂದು ಹೆಸರು ಬಂದವನಿಗೆ ಈ ಕಸುಬಿನಲ್ಲಿ ಯಾವ ಮನೆಯೂ ಬಾಗಿಲು ತೆರೆಯುವುದಿಲ್ಲ.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದವಳು, ನಾಲ್ಕು ವರ್ಷದ ಮಗಳು ವ್ರೋನಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಕ್ವಿರಿನ್‌ನ ಹಿಂದೆ ಹೊರಟಳು. ಅವನು ಇಸಾರ್ ನದಿಯ ಸೇತುವೆ ದಾಟಿದ. ಔ ಬಡಾವಣೆಯ ಸಂದು ಹಿಡಿದ. ನೇರವಾಗಿ ಕಾಜೆಟನ್‌ನ ಗೇಟಿನ ಮುಂದೆ ನಿಂತು, ಆಚೀಚೆ ನೋಡಿ, ಅದರ ಪಕ್ಕದ ಜೇನುರೊಟ್ಟಿ ಅಂಗಡಿಗೆ ನುಗ್ಗಿದ. ಹೊರಗೆ ಬಂದಾಗ ಸಣ್ಣ ಪೊಟ್ಟಣವೊಂದನ್ನು ಅಂಗಿಯೊಳಗೆ ತುರುಕುತ್ತಿದ್ದ.

ಮನೆಯಲ್ಲಿ ಅವನಿಗೆ ಸಾರು ಬಡಿಸುತ್ತಾ ಆಫ್ರಾ ಕೇಳಿದಳು. "ಎಲ್ಲಿಗೆ ಹೋಗಿದ್ಯಪ್ಪ?"

"ಎಲ್ಲೂ ಇಲ್ಲಮ್ಮ. ನದಿ ಹತ್ರ ಸುಮ್ನೆ ಕೂತಿದ್ದೆ."

"ನದಿಯಿಂದ ಈಗ ಜೇನುರೊಟ್ಟಿ ಘಮ ಬರ್ತದಾ?"

ಅವನ ಕಿವಿ ಕೆಂಪಾದವು. "ಅದು... ದಾರೀಲಿ ಅಂಗಡಿ ಇತ್ತು."

"ಯಾವ ಹುಡುಗಿಗೆ ತಗೊಂಡ್ಯೋ? ನಮ್ಮ ವ್ರೋನಿಗಂತೂ ಒಂದು ಚೂರೂ ಇಲ್ಲ!"

ಅವನು ಬೇಗ ಬೇಗ ಸಾರು ಮುಗಿಸಿ ಎದ್ದ. ಅಂಗಡಿಗೆ ಹೋದರೆ ವ್ರೋನಿಗೆ ಏನಾದರೂ ತರದೆ ಬಂದವನೇ ಅಲ್ಲ. ಆ ಪೊಟ್ಟಣದಲ್ಲಿ ತಿಂಡಿ ಇರಲಿಲ್ಲ, ಹಾಗಾದರೆ ಇದ್ದದ್ದೇನು? ಕಾಜೆಟನ್ ಆ ಅಂಗಡಿಯಲ್ಲಿ ಅವನಿಗಾಗಿ ಬಿಟ್ಟುಹೋದದ್ದೇ? ಅಲ್ಲಿಂದ ಮುಂದೆ ಅವಳಿಗೆ ಎಲ್ಲದರಲ್ಲೂ ಕಳ್ಳತನವೇ ಕಂಡಿತು. ಕೊರ್ಬಿನಿಯನ್ ಕೊಳಲಿನ ಮರ ಆರಿಸಲು ಹೊರಟರೆ ಕ್ವಿರಿನ್ ಕೋಣೆಯ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ. ಮೊದಲು ಹೀಗೆ ಮಾಡುತ್ತಿದ್ದನೇ? ನೆನಪಾಗಲಿಲ್ಲ. ಮಾಡುತ್ತಿರಲಿಲ್ಲ ಎಂದೇ ನಂಬಿದಳು.

ಶುಕ್ರವಾರ ಮಧ್ಯಾಹ್ನ ಅವಳಿಂದ ತಡೆಯಲಾಗಲಿಲ್ಲ. ಗಂಡನಿಗೆ ಎಲ್ಲ ಹೇಳಿದಳು.

ಕೊರ್ಬಿನಿಯನ್ ಕೂಗಾಡಲಿಲ್ಲ. ಕ್ವಿರಿನ್‌ನನ್ನು ಮುಂದೆ ನಿಲ್ಲಿಸಿಕೊಂಡು, ಕೊಳಲಿನ ಮುಚ್ಚಳಗಳನ್ನು ಒಂದೊಂದಾಗಿ ಬಿಚ್ಚಿದ. ಮೇಲಿನ ರಂಧ್ರಗಳ ಒಳಗೆ ಬೆರಳಾಡಿಸಿದವನ ಮುಖ ಕಪ್ಪಿಟ್ಟಿತು. ಅಂಚಿಗೆ ತೆಳ್ಳಗೆ, ನುಣ್ಣಗೆ, ಜೇನುಮೇಣ ಮೆತ್ತಿತ್ತು. ರಂಧ್ರ ಕಿರಿದಾದರೆ ಸ್ವರ ತಗ್ಗುತ್ತದೆ.

ಜೇನುರೊಟ್ಟಿಯವರು ಮೇಣವನ್ನೂ ಮಾರುತ್ತಾರೆ ಎಂಬುದು ಆಫ್ರಾಗೆ ಆಗ ಹೊಳೆಯಿತು. ಅವಳ ಮನೆಯ ಮೋಂಬತ್ತಿಯೂ ಅಂಥ ಅಂಗಡಿಯದೇ.

"ಕದ್ದಿದ್ರೆ ಕಳ್ಳ ಅಂತಿದ್ದೆ. ಇದೇನೋ ಇದು? ನನ್ನ ಕೊಳಲಿನ ಕತ್ತು ಹಿಸುಕೋಕೆ ಆ ಕಾಜೆಟನ್ ನಿನಗೇನು ಕೊಟ್ಟ?" ಎಂದ ಕೊರ್ಬಿನಿಯನ್.

"ಯಾರೂ ಏನೂ ಕೊಟ್ಟಿಲ್ಲ, ಯಜಮಾನ್ರೇ."

"ಮತ್ಯಾಕೆ ಮೆತ್ತಿದೆ? ಹೇಳು!"

ಕ್ವಿರಿನ್ ಆಫ್ರಾಳ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ.

"ಹೇಳೋ, ಬಾಯಿಗೂ ಮೇಣ ಮೆತ್ಕೊಂಡಿದ್ದೀಯಾ?" ಎಂದಳು ಆಫ್ರಾ. ಅವಳಿಗೆ ಅಳು ಬರುತ್ತಿತ್ತು.

"ನಾಳೆ ಅವರು ಬಂದುಹೋದ ಮೇಲೆ ನಿನ್ನ ಗಂಟು ಕಟ್ಟು," ಎಂದು ಕೊರ್ಬಿನಿಯನ್ ಸೂಜಿಯ ತುದಿಯಿಂದ ಮೇಣವನ್ನೆಲ್ಲ ಕೆರೆದು ತೆಗೆದ. ಮುಚ್ಚಳಗಳನ್ನು ಕೂರಿಸಿದ. "ಈಗ ಕೇಳು ನನ್ನ ಕೊಳಲು ಹೇಗಿದೆ ಅಂತ. ಕೇಳಿ ಹೋಗು."

ಊದಿದ. ಕೆಳಗಿನ ಸ್ವರಗಳು ತುಂಬಿಕೊಂಡು ಬಂದವು, ನಡುವಿನವೂ ಚೆನ್ನಾಗಿದ್ದವು. ಮೇಲೆ ಹತ್ತುತ್ತಿದ್ದಂತೆ ದನಿ ದಾರಿ ಬಿಟ್ಟಿತು. ತುದಿಯ ಸ್ವರಗಳು ತಮ್ಮ ಜಾಗ ಮೀರಿ, ಪಿಂಗಾಣಿಯ ಮೇಲೆ ಚಾಕು ಎಳೆದಂತೆ ಕಿರುಚಿದವು. ನೆಲದ ಮೇಲೆ ಮರದ ಸಿಪ್ಪೆ ಆರಿಸುತ್ತಿದ್ದ ವ್ರೋನಿ ಎರಡೂ ಕಿವಿ ಮುಚ್ಚಿಕೊಂಡಳು.

"ಅಪ್ಪಾ, ಬೇಡ! ಕಿವಿ ನೋಯ್ತದೆ!"

ಕೊರ್ಬಿನಿಯನ್ ಕೊಳಲು ಇಳಿಸಿ ನಕ್ಕ. "ನೋಡಿದ್ಯಾ? ಹೇಗೆ ಶುದ್ಧವಾಗಿ ಬಂತು!"

ಅವನು ಮಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಫ್ರಾಗೆ ಮುಖ ತಿರುಗಿಸಲು ತಡವಾಯಿತು. ಅವನ ನಗು ಮೆಲ್ಲಗೆ ಆರಿತು. ಮತ್ತೆ ತುದಿಯ ಸ್ವರವನ್ನೇ ಊದಿದ, ತಲೆ ಓರೆ ಮಾಡಿ ಕೇಳಿದ, ಇನ್ನೊಮ್ಮೆ ಊದಿದ.

"ಮೇಲಿದೆಯಾ?" ಎಂದು ಹೆಂಡತಿಯನ್ನು ಕೇಳಿದ.

"ಮೇಲಿದೆ ರೀ."

"ತುಂಬಾ?"

ಅವಳು ತಲೆಯಾಡಿಸಿದಳು.

ಕೊರ್ಬಿನಿಯನ್ ಬೆಂಚಿನ ಮೇಲೆ ಕುಳಿತ. ಮೂವತ್ತು ವರ್ಷ ಸುತ್ತಿಗೆಯ ಸದ್ದಿನಲ್ಲಿ ಬೆಳ್ಳಿ ಬಡಿದ ಕೈ ಕಿವಿಯ ಹತ್ತಿರ ಹೋಗಿ ಹಾಗೇ ನಿಂತಿತು. "ಹೇಳಬಾರದಿತ್ತೇನೋ?" ಎಂದ, ಕ್ವಿರಿನ್‌ಗೆ.

"ಹೇಗೆ ಹೇಳಲಿ, ಯಜಮಾನ್ರೇ? ಕೇಳಿ ಕೇಳಿ ಕೊರೆಯೋದು ನನಗೆ ಕಲಿಸಿದ್ದು ನೀವು."

ಕೊರ್ಬಿನಿಯನ್ ತಲೆ ಎತ್ತಿದ. ಈಗ ಅನುಮಾನ ಅವನ ಕಣ್ಣಿಗೆ ಬಂದಿತ್ತು. ಗೋಡೆಗೆ ತೂಗುಹಾಕಿದ್ದ ಹಳೆಯ ಮಾದರಿಗಳನ್ನು ಒಂದೊಂದಾಗಿ ನೋಡಿದ. "ಇದೊಂದಕ್ಕೇನಾ? ಇಲ್ಲ, ಹೋದ ವರ್ಷ ಮಾರಿದ್ದವಕ್ಕೂ ಮೆತ್ತಿದ್ಯಾ? ಜನ ಹೊಗಳಿದ್ದೆಲ್ಲ ನಿನ್ನ ಮೇಣವನ್ನಾ?"

"ಇದೊಂದಕ್ಕೇ," ಎಂದ ಕ್ವಿರಿನ್. ಅವನ ಕಿವಿ ಮತ್ತೆ ಕೆಂಪಾದವು.

ಕೊರ್ಬಿನಿಯನ್ ಅವನನ್ನು ನಂಬಲಿಲ್ಲ. ಹೆಂಡತಿಯ ಕಡೆ ತಿರುಗಿದ. "ಮೆತ್ತೆಗಳೆಲ್ಲ ನಿನ್ನ ಕೈ ಮೇಲೆ ಹೋಗ್ತವೆ. ನೀನು ಹೇಳು."

ಹೋದ ವಸಂತದಲ್ಲಿ ರಿಪೇರಿಗೆ ಬಂದ ಕೊಳಲಿನ ಮೆತ್ತೆಗಳ ಮೇಲೂ ಎರಡೆರಡು ಉಂಗುರವಿದ್ದದ್ದು ಆಫ್ರಾಗೆ ನೆನಪಾಯಿತು. ಪೊರೆ ಕುಗ್ಗಿರಬೇಕು ಅಂದುಕೊಂಡು ಅವನ್ನು ಒಲೆಗೆ ಹಾಕಿದ್ದಳು.

"ಇದೊಂದೇ ರೀ, ಬೇರೆ ಯಾವುದರಲ್ಲೂ ನಾನು ನೋಡಿಲ್ಲ," ಎಂದು ಕಣ್ಣು ತಪ್ಪಿಸದೆ ಹೇಳಿದಳು.

ಕೊರ್ಬಿನಿಯನ್ ಅವಳನ್ನೇ ನೋಡುತ್ತಿದ್ದ. ಆಮೇಲೆ ಕೊಳಲನ್ನು ಕ್ವಿರಿನ್‌ನ ಕಡೆ ಚಾಚಿದ.

"ಮೇಣ ತಗೊಂಡು ಬಾ. ನೀನು ಊದು, ಎಷ್ಟು ಬೇಕು ಅಂತ ಹೇಳು. ಮೆತ್ತೋದು ನಾನೇ."